ಕುಂಚ ಹಿಡಿದವಳ ಹೆಸರೇನು? ಕಲಾವಿದೆಯರನ್ನೂ ಸ್ತ್ರೀವಾದಿ ಕಲೆಯನ್ನೂ ಹುಡುಕಿ ನೋಡಲು ಒಂದು ಸಮಗ್ರ ಮಾರ್ಗದರ್ಶಿ

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರು ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ನಿಲ್ಲದೆ ಬರುವುದಿಲ್ಲ. ಜ್ವಾಲೆಗೆ ಅಡ್ಡ ಹಿಡಿದ ಕೈಯ ಬೆರಳುಗಳಲ್ಲಿ ಬೆಳಕು ಕೆಂಪಾಗಿ ಹಾಯುವುದನ್ನು ನೋಡುತ್ತಾ ನಿಂತರೆ ಹಿಂದಿನಿಂದ ಯಾರೋ ಒಬ್ಬರು 'ರವಿವರ್ಮನದ್ದು' ಎಂದು ಹೇಳಿಯೇ ಹೇಳುತ್ತಾರೆ. ಅದು ರವಿವರ್ಮನದ್ದಲ್ಲ, ಎಸ್.ಎಲ್. ಹಲ್ದಣಕರ್ ಅವರ ಜಲವರ್ಣ ಚಿತ್ರ. ದೀಪ ಹಿಡಿದವಳು ಅವರ ಮಗಳು ಗೀತಾ. ಆಕೆ 2018ರಲ್ಲಿ, 102 ವರ್ಷ ತುಂಬಿದ್ದಾಗ ತೀರಿಕೊಂಡರು.

ಎಷ್ಟೋ ವರ್ಷ ನನಗೆ ಆ ಹುಡುಗಿಗೆ ಒಂದು ಹೆಸರಿದೆ ಎಂದೇ ಹೊಳೆದಿರಲಿಲ್ಲ. ಹೊಳೆದ ದಿನ ಇನ್ನೊಂದು ಪ್ರಶ್ನೆಯೂ ಬಂತು. ಚಿತ್ರಶಾಲೆಯ ಗೋಡೆಗಳ ತುಂಬ ಹೆಣ್ಣುಗಳಿದ್ದಾರೆ: ನೀರು ತರುವವರು, ವೀಣೆ ನುಡಿಸುವವರು, ಹಂಸದ ಜೊತೆ ಮಾತಾಡುವವರು. ಇವರಲ್ಲಿ ಯಾರಾದರೂ ಕುಂಚ ಹಿಡಿದದ್ದುಂಟೇ? ಈ ಮಾರ್ಗದರ್ಶಿ ಆ ಪ್ರಶ್ನೆಯ ಬೆನ್ನು ಹತ್ತಿ ಹೋದದ್ದರ ಫಲ. ಕಲೆ ಓದಿದವರಿಗಾಗಿ ಬರೆದದ್ದಲ್ಲ. ಫೋನು, ಒಂದು ನೋಟ್‌ಬುಕ್ಕು, ವಾರಕ್ಕೊಂದು ಗಂಟೆ ಇದ್ದರೆ ಸಾಕು.

ಹೆಜ್ಜೆ 1: ಐದು ಹೆಸರು ಬರೆಯಿರಿ

ಹುಡುಕದೆ, ಯಾರನ್ನೂ ಕೇಳದೆ, ಐವರು ಕಲಾವಿದೆಯರ ಹೆಸರು ಬರೆಯಿರಿ. ವಾಷಿಂಗ್ಟನ್‌ನಲ್ಲಿ 1987ರಲ್ಲಿ ಬಾಗಿಲು ತೆರೆದ, ಕಲಾವಿದೆಯರಿಗೇ ಮೀಸಲಾದ ಮ್ಯೂಸಿಯಂ 2016ರಿಂದ ಜನರಿಗೆ ಇದೇ ಸವಾಲು ಹಾಕುತ್ತಾ ಬಂದಿದೆ. ನಮ್ಮಲ್ಲಿ ಹೆಚ್ಚಿನವರದು ಫ್ರೀಡಾ ಕಾಹ್ಲೊ, ಅಮೃತಾ ಶೇರ್‌ಗಿಲ್ ಎಂಬಲ್ಲಿಗೆ ನಿಲ್ಲುತ್ತದೆ. ಗಂಡಸರ ಹೆಸರು ಹತ್ತು ಕೇಳಿದರೂ ಪಟಪಟನೆ ಬರುತ್ತವೆ. ಆ ಹಾಳೆಯನ್ನು ಹರಿಯಬೇಡಿ, ಕೊನೆಗೆ ಬೇಕಾಗುತ್ತದೆ.

ಹೆಜ್ಜೆ 2: ಪಟ್ಟಿ ಬೇಡ, ತಿಂಗಳಿಗೊಬ್ಬಳು ಸಾಕು

'ನೀವು ತಿಳಿಯಲೇಬೇಕಾದ ನೂರು ಕಲಾವಿದೆಯರು' ಎಂಬಂಥ ಪಟ್ಟಿಗಳು ಬೇಕಾದಷ್ಟಿವೆ. ಓದಿ ಮುಗಿಸಿದ ಮರುದಿನ ಒಬ್ಬಳ ಹೆಸರೂ ನೆನಪಿರುವುದಿಲ್ಲ. ಒಬ್ಬಳನ್ನೇ ಹಿಡಿದು, ಅವಳ ಮೂರೇ ಚಿತ್ರಗಳನ್ನು, ಬರೆದ ವರ್ಷದ ಕ್ರಮದಲ್ಲಿ ನೋಡಿ.

ಅಮೃತಾ ಶೇರ್‌ಗಿಲ್ ಅವರಿಂದ ಆರಂಭಿಸುವುದು ಸುಲಭ. 1913ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ಕಲಿತು, 1941ರಲ್ಲಿ ಲಾಹೋರಿನಲ್ಲಿ 28ನೇ ವಯಸ್ಸಿಗೇ ತೀರಿಕೊಂಡವರು. ಅವರ ಚಿತ್ರಗಳ ದೊಡ್ಡ ಪಾಲು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿದೆ. ಮೊದಲು 1932ರ 'ಯಂಗ್ ಗರ್ಲ್ಸ್' ನೋಡಿ. ಪ್ಯಾರಿಸ್ಸಿನ ಕೋಣೆಯಲ್ಲಿ ಇಬ್ಬರು ಯುವತಿಯರು, ಒಬ್ಬಳು ಅವರ ತಂಗಿ ಇಂದಿರಾ. ಮರುವರ್ಷ ಪ್ಯಾರಿಸ್ ಸಲೋನ್ ಎಂಬ ದೊಡ್ಡ ಕಲಾ ಪ್ರದರ್ಶನದಲ್ಲಿ ಚಿನ್ನದ ಪದಕ ಪಡೆದ ಚಿತ್ರವಿದು. ಬಟ್ಟೆಯ ಹೊಳಪು, ಚರ್ಮದ ಮೇಲಿನ ಬೆಳಕು ಎಲ್ಲವೂ ಯುರೋಪಿನ ಪಾಠದ ಪ್ರಕಾರ. ಆಮೇಲೆ 1935ರ 'ಥ್ರೀ ಗರ್ಲ್ಸ್' ತೆರೆಯಿರಿ. ಭಾರತಕ್ಕೆ ಮರಳಿದ ಹೊಸತು. ಕೋಣೆಯೂ ಇಲ್ಲ, ಕುರ್ಚಿಯೂ ಇಲ್ಲ. ಮೂವರು ಹುಡುಗಿಯರು ಯಾರನ್ನೂ ನೋಡದೆ, ಒಬ್ಬರನ್ನೊಬ್ಬರೂ ನೋಡದೆ ಕೂತಿದ್ದಾರೆ. ಮೂರನೆಯದು 1937ರ 'ಬ್ರೈಡ್ಸ್ ಟಾಯ್ಲೆಟ್', ಮದುಮಗಳ ಸಿಂಗಾರ. ಅಷ್ಟರಲ್ಲಿ ಅವರು ಅಜಂತಾ ನೋಡಿದ್ದರು, ಕೊಚ್ಚಿಯ ಮಟ್ಟಾಂಚೇರಿ ಅರಮನೆಯ ಭಿತ್ತಿಚಿತ್ರ ನೋಡಿದ್ದರು. ಬಣ್ಣ ಚಪ್ಪಟೆಯಾಗಿದೆ, ಮಣ್ಣಿನಂತಾಗಿದೆ, ಗೆರೆ ದೊಡ್ಡದಾಗಿದೆ. ಮದುವೆಮನೆಯ ಸಂಭ್ರಮ ಮಾತ್ರ ಎಲ್ಲೂ ಇಲ್ಲ.

ಐದು ವರ್ಷಗಳಲ್ಲಿ ಒಂದು ಕೈ ಇಷ್ಟು ಬದಲಾದದ್ದನ್ನು ಕಣ್ಣಾರೆ ಕಂಡ ಮೇಲೆ ಜೀವನಚರಿತ್ರೆ ಓದಿ, ಮೊದಲೇ ಓದಬೇಡಿ. ಪ್ರೇಮ, ಸಾವು, ವದಂತಿಗಳ ಗದ್ದಲದಲ್ಲಿ ಚಿತ್ರ ಕಾಣುವುದೇ ಇಲ್ಲ. ಕಲಾವಿದೆಯರ ವಿಷಯದಲ್ಲಂತೂ ಬರೆಯುವವರು ಬದುಕಿನ ಕತೆಯನ್ನೇ ಉಪ್ಪು ಖಾರ ಹಚ್ಚಿ ಬಡಿಸುತ್ತಾರೆ. ಈಗಂತೂ ಅದರ ಜೊತೆಗೆ ಬೆಲೆಯ ಸುದ್ದಿ ಬೇರೆ. 2023ರಲ್ಲಿ ಶೇರ್‌ಗಿಲ್ ಅವರ 'ದಿ ಸ್ಟೋರಿ ಟೆಲರ್' 61.8 ಕೋಟಿ ರೂಪಾಯಿಗೆ ಹರಾಜಾದಾಗ ಬಂದ ವರದಿಗಳಲ್ಲಿ ಆ ಚಿತ್ರದಲ್ಲಿ ಏನಿದೆ ಎಂದು ಹೇಳಿದ್ದನ್ನು ನಾನು ಹುಡುಕಬೇಕಾಯಿತು.

ಹೆಜ್ಜೆ 3: ಒಂದೇ ಕತೆಯ ಎರಡು ಚಿತ್ರ ಜೋಡಿಸಿ ನೋಡಿ

ಕಣ್ಣಿಗೆ ಇದಕ್ಕಿಂತ ಒಳ್ಳೆಯ ಸಾಧನೆ ನನಗೆ ಗೊತ್ತಿಲ್ಲ. ಜೂಡಿತ್ ಎಂಬ ವಿಧವೆ ಶತ್ರು ಸೇನಾಪತಿ ಹೊಲೊಫರ್ನೀಸನ ಡೇರೆಗೆ ಹೋಗಿ, ಅವನು ಕುಡಿದು ಮಲಗಿದ್ದಾಗ ತಲೆ ಕಡಿದಳು ಎಂಬುದು ಪ್ರಸಿದ್ಧ ಕತೆ. 1599ರ ಆಸುಪಾಸಿನಲ್ಲಿ ಇಟಲಿಯ ಚಿತ್ರಕಾರ ಕರವಾಜೊ ಇದನ್ನು ಬರೆದ. ಅವನ ಜೂಡಿತ್ ಕತ್ತಿ ಹಿಡಿದಿದ್ದರೂ ಮೈಯನ್ನು ಹಿಂದಕ್ಕೆ ಎಳೆದುಕೊಂಡಿದ್ದಾಳೆ, ಹುಬ್ಬು ಗಂಟಿಕ್ಕಿದ್ದಾಳೆ. ಪಕ್ಕದಲ್ಲಿ ಮುದುಕಿ ಸೇವಕಿ ಬಟ್ಟೆ ಹಿಡಿದು ಕಾಯುತ್ತಾಳೆ, ಅಷ್ಟೇ.

ಈಗ ಅದರ ಪಕ್ಕಕ್ಕೆ ಇಟಲಿಯವಳೇ ಆದ ಚಿತ್ರಕಾರ್ತಿ ಆರ್ಟೆಮೀಸಿಯಾ ಜೆಂಟಿಲೆಸ್ಕಿಯ ಜೂಡಿತ್‌ಳನ್ನು ಇಡಿ. 1612–13ರ ಹೊತ್ತಿನ ಒಂದು ಚಿತ್ರ ನೇಪಲ್ಸ್‌ನಲ್ಲಿದೆ, 1620ರ ಸುಮಾರಿನ ಇನ್ನೊಂದು ಫ್ಲಾರೆನ್ಸ್‌ನ ಉಫಿಜಿ ಚಿತ್ರಶಾಲೆಯಲ್ಲಿ. ಇಲ್ಲಿ ಸೇವಕಿ ಯುವತಿ. ಅವಳು ಗಂಡಸಿನ ಮೇಲೆ ಭಾರ ಹಾಕಿ ಒತ್ತಿ ಹಿಡಿದಿದ್ದಾಳೆ. ಜೂಡಿತ್ ರೊಟ್ಟಿ ಹಿಟ್ಟು ನಾದಲು ಕೂತವಳಂತೆ ಅಂಗಿಯ ತೋಳು ಮಡಚಿದ್ದಾಳೆ. ಒಂದು ತಲೆ ಕಡಿಯಲು ಎಷ್ಟು ಬಲ ಬೇಕು, ಎಷ್ಟು ಕೈ ಬೇಕು ಎಂಬುದು ಬರೆದವಳಿಗೆ ಗೊತ್ತಿದೆ. ಒಬ್ಬಳಿಂದ ಆಗದ ಕೆಲಸವನ್ನು ಇಬ್ಬರು ಹೆಂಗಸರು ಮುಗಿಸುತ್ತಿದ್ದಾರೆ.

ಆರ್ಟೆಮೀಸಿಯಾ ಮೇಲೆ ಅತ್ಯಾಚಾರ ನಡೆಸಿದ್ದಕ್ಕಾಗಿ ಚಿತ್ರಕಾರ ಅಗೊಸ್ಟಿನೊ ತಾಸ್ಸಿಯ ವಿಚಾರಣೆ 1612ರಲ್ಲಿ ರೋಮಿನಲ್ಲಿ ನಡೆಯಿತು. ಆಕೆ ನಿಜ ಹೇಳುತ್ತಿದ್ದಾಳೆಯೇ ಎಂದು ಪರೀಕ್ಷಿಸಲು ಆಕೆಯ ಬೆರಳುಗಳಿಗೇ ಹಗ್ಗ ಸುತ್ತಿ ಬಿಗಿದರು. ಚಿತ್ರ ಬರೆಯುವ ಬೆರಳುಗಳಿಗೆ. ಹೀಗಾಗಿ ಆ ರಕ್ತವೆಲ್ಲ ಸೇಡು ಎಂದು ಬರೆದುಬಿಡುವುದು ರೂಢಿ. ನನಗೆ ಅದು ಅರ್ಧ ಸತ್ಯ ಎನಿಸುತ್ತದೆ. 1616ರಲ್ಲಿ ಫ್ಲಾರೆನ್ಸ್‌ನ ಚಿತ್ರಕಲಾ ಅಕಾಡೆಮಿಗೆ ಸೇರಿದ ಮೊದಲ ಹೆಣ್ಣು ಅವಳು. ಕಸುಬು ಬಲ್ಲವಳು, ಗಿರಾಕಿಗಳಿದ್ದವಳು. ಅವಳ ಕಸುಬನ್ನು ಬರೀ ಗಾಯವಾಗಿ ನೋಡಿದರೆ ಇನ್ನೊಮ್ಮೆ ಅನ್ಯಾಯ ಮಾಡಿದ ಹಾಗೆ.

ಹೆಜ್ಜೆ 4: 'ಕಲಾವಿದೆ' ಬೇರೆ, 'ಸ್ತ್ರೀವಾದಿ ಕಲೆ' ಬೇರೆ

ಹೆಣ್ಣು ಬರೆದದ್ದೆಲ್ಲ ಸ್ತ್ರೀವಾದಿ ಅಲ್ಲ. ಕರಾಚಿಯಲ್ಲಿ ಹುಟ್ಟಿ ಬರೋಡಾದಲ್ಲಿ ಪಾಠ ಹೇಳಿದ ನಸ್ರೀನ್ ಮೊಹಮ್ಮದಿ (1937–1990) ಬರೆದದ್ದು ಪೆನ್ಸಿಲು, ಶಾಯಿಯ ಸಪೂರ ಗೆರೆಗಳನ್ನು. ಅಲ್ಲಿ ಹೆಣ್ಣೂ ಇಲ್ಲ, ಗಂಡೂ ಇಲ್ಲ. ಮಗ್ಗದ ಹಾಸಿನಂಥ ಗೆರೆಗಳು ಓಡುತ್ತಾ ಒಂದು ಕಡೆ ಉಸಿರು ಬಿಗಿಹಿಡಿದ ಹಾಗೆ ನಿಲ್ಲುತ್ತವೆ. ಅದಕ್ಕೆ ಹಣೆಪಟ್ಟಿ ಅಂಟಿಸಲು ಹೋಗಬೇಡಿ.

ಸ್ತ್ರೀವಾದಿ ಕಲೆ ಎಂಬ ಹೆಸರಿನಿಂದ ಗುರುತಿಸಿಕೊಂಡ ಚಳವಳಿ ಜೋರಾದದ್ದು 1970ರ ದಶಕದ ಅಮೆರಿಕದಲ್ಲಿ. 1971ರಲ್ಲಿ ಕಲಾ ಇತಿಹಾಸಕಾರ್ತಿ ಲಿಂಡಾ ನಾಕ್ಲಿನ್, ಮಹಾನ್ ಕಲಾವಿದೆಯರು ಯಾಕಿರಲಿಲ್ಲ ಎಂದು ಕೇಳುವ ಪ್ರಬಂಧ ಬರೆದರು. ಅವರ ಉತ್ತರ ಪ್ರತಿಭೆಯ ಬಗ್ಗೆ ಅಲ್ಲವೇ ಅಲ್ಲ. ಬೆತ್ತಲೆ ಮಾದರಿಯನ್ನು ನೋಡಿ ಬರೆಯುವುದೇ ಚಿತ್ರಕಲೆಯ ಮೂಲ ಪಾಠವಾಗಿದ್ದ ಕಾಲದಲ್ಲಿ ಹೆಣ್ಣುಮಕ್ಕಳನ್ನು ಆ ತರಗತಿಯ ಒಳಗೇ ಬಿಡುತ್ತಿರಲಿಲ್ಲ. ಬಾವಿಗೆ ಹಗ್ಗ ಕೊಡದೆ ನೀರು ಯಾಕೆ ಸೇದಲಿಲ್ಲ ಎಂದು ಕೇಳಿದ ಹಾಗೆ. ಲಂಡನ್ನಿನ ರಾಯಲ್ ಅಕಾಡೆಮಿ 1768ರಲ್ಲಿ ಹುಟ್ಟಿದಾಗ ಸ್ಥಾಪಕ ಸದಸ್ಯರಲ್ಲಿ ಆಂಜೆಲಿಕಾ ಕೌಫ್‌ಮನ್, ಮೇರಿ ಮೋಸರ್ ಇದ್ದರು. ಸದಸ್ಯರೆಲ್ಲ ಸೇರಿದ ಕೋಣೆಯನ್ನು ಚಿತ್ರಕಾರ ಝೊಫಾನಿ ಬರೆದ ಚಿತ್ರದಲ್ಲಿ ಬೆತ್ತಲೆ ಗಂಡಸು ಮಾದರಿಯಾಗಿ ಕೂತಿದ್ದಾನೆ. ಹಾಗಾಗಿ ಈ ಇಬ್ಬರು ಕೋಣೆಯಲ್ಲಿಲ್ಲ, ಗೋಡೆಗೆ ತೂಗುಹಾಕಿದ ಎರಡು ಭಾವಚಿತ್ರಗಳಾಗಿದ್ದಾರೆ.

ಜೂಡಿ ಶಿಕಾಗೊ ಅವರ 'ದಿ ಡಿನ್ನರ್ ಪಾರ್ಟಿ' (1974–79) ಈ ಚಳವಳಿಯ ಹೆಗ್ಗುರುತು. ತ್ರಿಕೋನದ ಊಟದ ಮೇಜು, ಒಂದೊಂದು ಬದಿ 48 ಅಡಿ, 39 ಹೆಣ್ಣುಗಳಿಗೆ ಎಲೆ ಹಾಕಿದ ಹಾಗೆ 39 ತಟ್ಟೆ, ನೆಲದ ಹೆಂಚುಗಳ ಮೇಲೆ ಇನ್ನೂ 999 ಹೆಸರು. ಪಿಂಗಾಣಿ, ಕಸೂತಿ, ನೇಯ್ಗೆ, ಅಂದರೆ 'ಕಲೆ' ಅಲ್ಲ 'ಕೈಕೆಲಸ' ಎಂದು ಪಕ್ಕಕ್ಕಿಟ್ಟದ್ದನ್ನೆಲ್ಲ ಒಟ್ಟುಗೂಡಿಸಿದ ಕೃತಿ. ಈಗ ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಂನಲ್ಲಿದೆ. ಮೆಚ್ಚುವುದರ ಜೊತೆ ಜಗಳವನ್ನೂ ಆಡಿ. ಆ ಪಂಕ್ತಿಯಲ್ಲಿ ನಮ್ಮ ಕಡೆಯವಳೆಂದು ಕಾಣುವವಳು ಕಾಳಿ ಒಬ್ಬಳೇ. ದೇವರಿಗೆ ಎಡೆ ಬಡಿಸಿದರು, ಮನುಷ್ಯರಿಗೆ ಮಣೆ ಹಾಕಲಿಲ್ಲ. ಕಪ್ಪು ಹೆಣ್ಣುಮಕ್ಕಳ ವಿಷಯದಲ್ಲೂ ಇದೇ ದೂರು ಆಗಲೇ ಎದ್ದಿತ್ತು.

ಭಾರತದ ಕತೆ ಅದರ ನಕಲು ಅಲ್ಲ. 1979ರಲ್ಲಿ ನಳಿನಿ ಮಲಾನಿ ನ್ಯೂಯಾರ್ಕಿನಲ್ಲಿ ಎ.ಐ.ಆರ್. ಎಂಬ, ಕಲಾವಿದೆಯರೇ ಕೂಡಿ ನಡೆಸುವ ಗ್ಯಾಲರಿಯನ್ನು ಕಂಡರು. ಇಲ್ಲಿಗೆ ಬಂದ ಮೇಲೆ ನೀಲಿಮಾ ಶೇಖ್, ಮಾಧ್ವಿ ಪಾರೇಖ್, ಅರ್ಪಿತಾ ಸಿಂಗ್ ಜೊತೆಗೂಡಿ 1987ರಿಂದ 89ರವರೆಗೆ 'ಥ್ರೂ ದಿ ಲುಕಿಂಗ್ ಗ್ಲಾಸ್' ಎಂಬ ಪ್ರದರ್ಶನವನ್ನು ಊರಿಂದ ಊರಿಗೆ ಒಯ್ದರು. ನಾಲ್ವರ ಶೈಲಿಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಈ ನಾಲ್ವರನ್ನೇ ನಾಲ್ಕು ತಿಂಗಳ ಪಾಠವಾಗಿ ಇಟ್ಟುಕೊಳ್ಳಬಹುದು.

ಹೆಜ್ಜೆ 5: ನಮ್ಮ ಊರಿನ ಇಬ್ಬರು

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಚಿತ್ರಕಲೆ ಕಲಿತವರು, 90ರ ದಶಕದ ಆರಂಭದಲ್ಲಿ ಕ್ಯಾನ್ವಾಸ್ ಬಿಟ್ಟು ಸಗಣಿ ಹಿಡಿದರು. ಬಾಬರಿ ಮಸೀದಿ ಬಿದ್ದು ಗಲಭೆಗಳಾದ ದಿನಗಳವು. ಸಗಣಿ ಎಂದರೆ ಪೂಜೆಗೂ ಬೇಕು, ಒಲೆಗೂ ಬೇಕು. ಅದನ್ನು ಬಾಚುವುದು, ಸಾರಿಸುವುದು, ತಟ್ಟುವುದು ಹೆಣ್ಣಿನ ಪಾಲಿನ ಕೆಲಸ. ಆಮೇಲೆ ಬಂದದ್ದು 'ಆಂಡ್ ಟೆಲ್ ಹಿಮ್ ಆಫ್ ಮೈ ಪೇಯ್ನ್'. ನೂರಾರು ಅಡಿ ಉದ್ದದ ನೂಲನ್ನು ಸೂಜಿಗಳಲ್ಲಿ ಪೋಣಿಸಿ, ಅಂಟು ಕುಂಕುಮ ಸವರಿ ಹಗ್ಗವಾಗಿಸಿ, ಕೋಣೆಯ ತುಂಬ ಇಳಿಬಿಟ್ಟಿದ್ದಾರೆ. ದೂರದಿಂದ ಕರುಳಿನಂತೆ ಕಾಣುವ ಆ ಕೆಂಪು ಹಗ್ಗದ ತುದಿಗೆ ಬಂದರೆ ಸೂಜಿಗಳ ಗೊಂಚಲು. ಅಷ್ಟು ನೂಲು ಅಷ್ಟು ಸೂಜಿಗಳ ಕಣ್ಣಿನಲ್ಲಿ ಪೂರ್ತಿ ಹಾದುಬರಲು ಎಷ್ಟು ದಿನ ಕೂತಿರಬೇಕು, ಬೆನ್ನು ಎಷ್ಟು ನೋಯಬೇಕು ಎಂದು ಲೆಕ್ಕ ಹಾಕಿ. ಕೃತಿಯ ಶೀರ್ಷಿಕೆ ಅಲ್ಲಿಂದಲೇ ಬಂದಂತಿದೆ.

'ಬಿಹೋಲ್ಡ್' (2009) ಇನ್ನೂ ನಮ್ಮ ಬೀದಿಯದು. ಲಾರಿ, ಕಾರುಗಳ ಬಂಪರಿಗೆ ದೃಷ್ಟಿಯಾಗದಿರಲಿ ಎಂದು ಕೂದಲಿನ ಹಗ್ಗ ಕಟ್ಟುವುದನ್ನು ನೀವು ನೋಡಿರುತ್ತೀರಿ. ದೇವಸ್ಥಾನದಲ್ಲಿ ಮುಡಿ ಕೊಟ್ಟವರ ಕೂದಲು ಅದು. ಸುಮಾರು 4000 ಮೀಟರ್ ಅಂಥ ಹಗ್ಗ, ಅದರಲ್ಲಿ ಸಿಕ್ಕಿಕೊಂಡು ತೂಗುವ ಉಕ್ಕಿನ ಬಂಪರುಗಳು, ಇಷ್ಟೇ ಕೃತಿ. ಅದು 2009ರಲ್ಲಿ ವೆನಿಸ್ ಬಿನಾಲೆ ಎಂಬ, ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾ ಪ್ರದರ್ಶನಕ್ಕೆ ಹೋಗಿ, ಈಗ ಲಂಡನ್ನಿನ ಟೇಟ್ ಮ್ಯೂಸಿಯಂನ ಸಂಗ್ರಹದಲ್ಲಿದೆ. ನಮಗೆ ಹರಕೆಯ ಮುಡಿ ಎಂದು ಕಂಡ ತಕ್ಷಣ ತಿಳಿಯುವುದನ್ನು ಲಂಡನ್ನಿನವರಿಗೆ ಫಲಕ ಹಾಕಿ ವಿವರಿಸಬೇಕು. ಅಪರೂಪಕ್ಕೆ ನಾವು ಮುಂದಿನ ಸಾಲಿನಲ್ಲಿದ್ದೇವೆ.

ಎನ್. ಪುಷ್ಪಮಾಲಾ (ಜನನ 1956, ಬೆಂಗಳೂರು) ಶಿಲ್ಪಿಯಾಗಿ ಆರಂಭಿಸಿ, ಕ್ಯಾಮೆರಾದ ಮುಂದೆ ತಾವೇ ವೇಷ ಕಟ್ಟಿ ನಿಂತವರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಮಾಡಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' (2000–2004) ಸರಣಿಯಲ್ಲಿ ಅವರು ರವಿವರ್ಮನ ಲಕ್ಷ್ಮಿಯಾಗುತ್ತಾರೆ, ಬಿಜಾಪುರದ ಕಿರುಚಿತ್ರದ ಯೋಗಿನಿಯಾಗುತ್ತಾರೆ, ಪತ್ರಿಕೆಯಲ್ಲಿ ಬಂದ ಅಪರಾಧಿ ಹೆಂಗಸಾಗುತ್ತಾರೆ, ವಸಾಹತು ಕಾಲದ ಮಾನವಶಾಸ್ತ್ರಿಗಳು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ಅಳತೆ ತೆಗೆದ ಬುಡಕಟ್ಟಿನ ಹೆಣ್ಣಾಗುತ್ತಾರೆ. ಪರದೆ, ಒಡವೆ, ಭಂಗಿ ಎಲ್ಲ ಮೂಲದ ಪ್ರಕಾರವೇ. ಆದರೆ ಲಕ್ಷ್ಮಿಯ ಮುಖದಲ್ಲಿ ಒಬ್ಬ ನಿಜವಾದ ಹೆಂಗಸು ಕಾಣುತ್ತಾಳೆ, ಕಾಲು ನೋಯುತ್ತಿರಬಹುದೆಂಬ ಗುಮಾನಿಯೂ ಬರುತ್ತದೆ. ನಗು ತಡೆಯಲಾಗುವುದಿಲ್ಲ. ನಿಮ್ಮ ಮನೆಯ ಕ್ಯಾಲೆಂಡರಿನ ಲಕ್ಷ್ಮಿಯ ಪಕ್ಕದಲ್ಲಿ ಫೋನಿನಲ್ಲಿ ಈ ಚಿತ್ರ ತೆರೆದಿಟ್ಟು ನೋಡಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆಯಿರಿ. ಮಾತು ಎಲ್ಲಿಗೆ ಹೋಗುತ್ತದೋ ಹೇಳಲಾಗದು.

ಹೆಜ್ಜೆ 6: ಚೌಕಟ್ಟಿನ ಹೊರಗೆ ಹುಡುಕಿ

ಸಾಗರದ ಸುತ್ತಿನ ದೀವರ ಮನೆಗಳಲ್ಲಿ ಮದುವೆಗೆ ಹಸೆಗೋಡೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿನಾರಿನ ಕುಂಚ. ಅಳತೆಪಟ್ಟಿಯಿಲ್ಲದೆ ಎಳೆದ ಆ ಗೆರೆಗಳು ಒಂದಿಷ್ಟೂ ಅಲುಗಿರುವುದಿಲ್ಲ. ಬರೆಯುವವರು ಹೆಂಗಸರು. ಒಮ್ಮೆ ಒಂದು ಕರಕುಶಲ ಮೇಳದಲ್ಲಿ ಚಿತ್ತಾರದ ಕೆಳಗೆ 'ಸಾಂಪ್ರದಾಯಿಕ ಜನಪದ ಕಲೆ' ಎಂದಷ್ಟೇ ಇತ್ತು. ಬರೆದವರು ಯಾರು ಎಂದು ಕೇಳಿದರೆ ಮಳಿಗೆಯಲ್ಲಿದ್ದವರು 'ಹಳ್ಳಿ ಹೆಂಗಸರು ಬರೀತಾರೆ ಮೇಡಂ' ಎಂದರು. ಧಾರವಾಡದ ಕಸೂತಿಯ ಸೀರೆ ಕೊಂಡವರಿಗೆ ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ಹೊಲಿಗೆಗಳ ಹೆಸರು ತಿಳಿದಿರುತ್ತದೆ, ಹೊಲಿದವಳ ಹೆಸರಿಲ್ಲ.

ಹೆಸರು ಸಿಕ್ಕರೆ ಏನಾಗುತ್ತದೆ ಎನ್ನಲು ಬಿಹಾರದ ಮಿಥಿಲೆ ನೋಡಿ. 1934ರ ಭೂಕಂಪದಲ್ಲಿ ಮನೆಗಳು ಕುಸಿದಾಗ ಒಳಗೋಡೆಯ ಚಿತ್ರಗಳು ಬ್ರಿಟಿಷ್ ಅಧಿಕಾರಿ ಡಬ್ಲ್ಯೂ.ಜಿ. ಆರ್ಚರ್ ಕಣ್ಣಿಗೆ ಬಿದ್ದವು. 1966–67ರ ಬರಗಾಲದಲ್ಲಿ ಹೆಂಗಸರಿಗೆ ಸಂಪಾದನೆಯಾಗಲೆಂದು ಕಾಗದ ಹಂಚಲಾಯಿತು. ಗೋಡೆಯಿಂದ ಕಾಗದಕ್ಕೆ ಇಳಿದದ್ದೇ ತಡ, ಜಗದಂಬಾ ದೇವಿ, ಸೀತಾ ದೇವಿ, ಗಂಗಾ ದೇವಿ ಎಂದು ಒಬ್ಬೊಬ್ಬರ ಕೈ ಬೇರೆ ಬೇರೆಯಾಗಿ ಕಾಣತೊಡಗಿತು. ಗಂಗಾ ದೇವಿ ಅಮೆರಿಕಕ್ಕೆ ಹೋಗಿ ಬಂದು ರೋಲರ್ ಕೋಸ್ಟರನ್ನು ಬರೆದರು. ಕ್ಯಾನ್ಸರ್ ಬಂದಾಗ ಆಸ್ಪತ್ರೆಯನ್ನೂ ತಮ್ಮ ಕಾಯಿಲೆಯನ್ನೂ ಅದೇ ಗೆರೆಗಳಲ್ಲಿ ಬರೆದರು. 'ಪರಂಪರೆ' ಎಂದು ಕರೆದು ಸುಮ್ಮನಾಗಲು ಅವರು ಬಿಡಲಿಲ್ಲ. ದುಸಾಧ್ ಸಮುದಾಯದ ಚಾನೊ ದೇವಿಯಂಥ ದಲಿತ ಹೆಣ್ಣುಮಕ್ಕಳು ಮೇಲ್ಜಾತಿಯವರ ಮಾದರಿ ಬಿಟ್ಟು ತಮ್ಮ ಹಚ್ಚೆಯ ಆಕೃತಿಗಳಿಂದ ಗೋದನಾ ಶೈಲಿ ಕಟ್ಟಿದ್ದನ್ನೂ ಇದರ ಜೊತೆಗೇ ನೋಡಬೇಕು. ಹೆಣ್ಣು ಎಂಬ ಒಂದೇ ಪದದೊಳಗೆ ಜಾತಿ ಅಡಗಿಬಿಡುತ್ತದೆ.

ಹೆಜ್ಜೆ 7: ಹುಡುಕುವ ಜಾಣ್ಮೆ

ಬರೀ 'ಮಹಿಳಾ ಕಲಾವಿದರು' ಎಂದು ಹುಡುಕಿದರೆ ಮಾರ್ಚ್ 8ರ ಶುಭಾಶಯಗಳು ಬರುತ್ತವೆ. ಪ್ರಸಿದ್ಧ ಗಂಡಸಿನ ಹೆಸರು ಹಾಕಿ ಅವನ ತಂಗಿ, ಹೆಂಡತಿ, ಮಗಳನ್ನು ಹುಡುಕಿ. ರವಿವರ್ಮನ ತಂಗಿ ಮಂಗಳಾ ಬಾಯಿ ಚಿತ್ರ ಬರೆಯುತ್ತಿದ್ದರು. ಅವನೀಂದ್ರನಾಥ, ಗಗನೇಂದ್ರನಾಥ ಟ್ಯಾಗೋರರ ತಂಗಿ ಸುನಯನಿ ದೇವಿ (1875–1962) ಯಾರಿಂದಲೂ ಕಲಿಯದೆ, ಮನೆಯಲ್ಲೇ ಕೂತು ಬರೆದವರು. ಶಾಂತಿನಿಕೇತನದ ಚಿತ್ರಕಾರ ಬಿನೋದ ಬಿಹಾರಿ ಮುಖರ್ಜಿಯವರ ಹೆಂಡತಿ ಲೀಲಾ ಶಿಲ್ಪಿ. ಮಗಳು ಮೃಣಾಲಿನಿ (1949–2015) ಸೆಣಬಿನ ಹಗ್ಗಗಳನ್ನು ಗಂಟು ಹಾಕಿ ಆಳೆತ್ತರದ ದೇವತೆಗಳನ್ನು ನಿಲ್ಲಿಸಿದವರು.

ಇನ್ನೊಂದು ದಾರಿ, ತಪ್ಪು ಹೆಸರಿನ ಕೆಳಗೆ ಹುಡುಕುವುದು. ಹಾಲೆಂಡಿನ ಜೂಡಿತ್ ಲೈಸ್ಟರ್ 1633ರಲ್ಲಿ ಹಾರ್ಲೆಮ್‌ನ ಚಿತ್ರಕಾರರ ಸಂಘಕ್ಕೆ ಸೇರಿದ್ದಳು. ಸತ್ತ ಮೇಲೆ ಅವಳ ಚಿತ್ರಗಳು ಅದೇ ಊರಿನ ಪ್ರಸಿದ್ಧ ಚಿತ್ರಕಾರ ಫ್ರಾನ್ಸ್ ಹಾಲ್ಸ್‌ನ ಹೆಸರಿನಲ್ಲಿ ಮಾರಾಟವಾದವು. 1893ರಲ್ಲಿ ಒಬ್ಬ ವಿದ್ವಾಂಸ ಅಂಥ ಒಂದು ಚಿತ್ರದಲ್ಲಿ ಅವಳ ಸಹಿಯನ್ನು ಪತ್ತೆ ಮಾಡಿದ: ಎರಡು ಅಕ್ಷರ, ಪಕ್ಕದಲ್ಲಿ ಒಂದು ನಕ್ಷತ್ರ. ಲೈಸ್ಟರ್ ಎಂದರೆ ದಾರಿ ತೋರುವ ತಾರೆ. ಅಲ್ಲಿಯವರೆಗೆ ಆ ನಕ್ಷತ್ರ ಎಲ್ಲರ ಕಣ್ಣೆದುರಿಗೇ ಇತ್ತು.

ಜಾಲದಲ್ಲಿ ನಂಬಬಹುದಾದ ಜಾಗಗಳಿವೆ. ದಕ್ಷಿಣ ಏಷ್ಯಾದ ಕಲೆಗೆ ಬೆಂಗಳೂರಿನ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಆಂಡ್ ಫೋಟೊಗ್ರಫಿ) ಅಕಾಡೆಮಿಯ ವಿಶ್ವಕೋಶ, ಜಗತ್ತಿನ ಕಲಾವಿದೆಯರಿಗೆ ಪ್ಯಾರಿಸ್ಸಿನ ಅವೇರ್ ಸಂಸ್ಥೆಯ ತಾಣ, ಪತ್ರ, ಕ್ಯಾಟಲಾಗ್, ಹಳೆಯ ಫೋಟೊಗಳಿಗೆ ಹಾಂಗ್‌ಕಾಂಗ್‌ನ ಏಷ್ಯಾ ಆರ್ಟ್ ಆರ್ಕೈವ್. ಇವೆಲ್ಲ ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಕನ್ನಡ ವಿಕಿಪೀಡಿಯದಲ್ಲಿ ಹುಡುಕಿ, ಪುಟ ಸಿಗದಿದ್ದರೆ ನೀವು ಒಂದು ತಿಂಗಳು ನೋಡಿದ ಕಲಾವಿದೆಯ ಬಗ್ಗೆ ನಾಲ್ಕು ಸಾಲು ಆಧಾರ ಸಹಿತ ಬರೆಯಬಹುದು.

ಹೆಜ್ಜೆ 8: ಗ್ಯಾಲರಿಗೆ ಹೋಗಿ, ಎಣಿಸಿ

1989ರಲ್ಲಿ ಗೆರಿಲ್ಲಾ ಗರ್ಲ್ಸ್ ಎಂಬ ಗುಂಪಿನವರು, ಗೊರಿಲ್ಲಾ ಮುಖವಾಡ ಹಾಕಿಕೊಳ್ಳುವವರು, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಎಣಿಸಿದರು. ಆಧುನಿಕ ವಿಭಾಗದ ಕಲಾವಿದರಲ್ಲಿ ಹೆಂಗಸರು ಶೇ. 5ಕ್ಕೂ ಕಡಿಮೆ, ಬೆತ್ತಲೆ ಚಿತ್ರಗಳಲ್ಲಿ ಶೇ. 85 ಹೆಣ್ಣಿನವು. ಒಳಗೆ ಬರಬೇಕಾದರೆ ಹೆಣ್ಣು ಬಟ್ಟೆ ಬಿಚ್ಚಬೇಕೇ ಎಂದು ಪೋಸ್ಟರ್ ಹಾಕಿದರು. ನೀವೂ ಎಣಿಸಿ. ನೋಟ್‌ಬುಕ್ಕಿನಲ್ಲಿ ಎರಡು ಸಾಲು: ಚಿತ್ರದೊಳಗಿನ ಹೆಣ್ಣು ಎಷ್ಟು, ಫಲಕದ ಮೇಲಿನ ಹೆಣ್ಣು ಎಷ್ಟು. 'ಅಜ್ಞಾತ' ಎಂದಿದ್ದರೆ ಬೇರೆ ಗುರುತು ಹಾಕಿ.

ಎಣಿಸಿದ ಮೇಲೆ ಒಂದೇ ಕೃತಿಯ ಮುಂದೆ ಹದಿನೈದು ನಿಮಿಷ ನಿಲ್ಲಿ. ಮೊದಲ ಐದು ನಿಮಿಷ ಫಲಕ ಓದಬೇಡಿ, ಫೋಟೊ ತೆಗೆಯಬೇಡಿ. ಯಾವ ವಸ್ತುವಿನಿಂದ ಮಾಡಿದ್ದು, ಎಷ್ಟು ಹೊತ್ತು ಹಿಡಿದಿರಬಹುದು, ಒಳಗಿರುವವರು ಯಾರ ಕಡೆ ನೋಡುತ್ತಿದ್ದಾರೆ, ಇಷ್ಟು ಕೇಳಿಕೊಂಡರೆ ಸಾಕು. ಇಷ್ಟವಾಗದಿದ್ದರೆ 'ಇಷ್ಟವಾಗಲಿಲ್ಲ' ಎಂದೇ ಬರೆದುಕೊಳ್ಳಿ. ಹೆಣ್ಣು ಮಾಡಿದ್ದೆಂಬ ಕಾರಣಕ್ಕೆ ರಿಯಾಯಿತಿ ಕೊಡುವುದು ಅವಳಿಗೆ ಮಾಡುವ ಅವಮಾನ.

ಬೆಂಗಳೂರಿನವರು ಎರಡು ಕಡೆಯಿಂದ ಆರಂಭಿಸಬಹುದು. ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಿದೆ. ಕಸ್ತೂರ್ಬಾ ರಸ್ತೆಯ ಮ್ಯಾಪ್ ಮ್ಯೂಸಿಯಂ 2023ರಲ್ಲಿ ತೆರೆದಾಗ ಅದರ ಮೊದಲ ಪ್ರದರ್ಶನಗಳಲ್ಲೊಂದರ ವಸ್ತುವೇ ಕಲೆಯಲ್ಲಿ ಹೆಣ್ಣು ಕಾಣಿಸಿಕೊಂಡ, ಕಾಣದೇ ಹೋದ ಬಗೆ. ಹೊರಡುವಾಗ ಮೊದಲ ದಿನ ಬರೆದ ಐದು ಹೆಸರುಗಳ ಹಾಳೆಯನ್ನೂ ಬ್ಯಾಗಿಗೆ ಹಾಕಿಕೊಳ್ಳಿ, ಅದರ ಹಿಂಬದಿ ಇನ್ನೂ ಖಾಲಿ ಇದೆ. ಸೋಮವಾರ ಮಾತ್ರ ಹೋಗಬೇಡಿ, ಎರಡಕ್ಕೂ ಅಂದು ರಜೆ.